ಅರ್ಹತೆ ಎಂಬ ಖಾನೆ

ಕುಂದವಾಡ ಕೆರೆ ಏರಿಯ ಮೇಲೆ, ಬೆಳಗಿನ ಐದೂವರೆಗೆ,
ಶೂ ಲೇಸು ಬಿಗಿಯುತ್ತ ಕರಿಬಸಪ್ಪನವರು ಕೇಳಿದರು:
"ಅಲ್ಲಮ್ಮಾ, ನಾಳೆ ಯಾರರ ಬಿದ್ರೆ ಜವಾಬ್ದಾರಿ ಯಾರ್ದು?
ನಿನ್ಹತ್ರ ಸರ್ಟಿಫಿಕೇಟ್ ಐತಾ? ಇನ್ಶೂರೆನ್ಸ್ ಐತಾ?"
ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ
ಸುಟ್ಟ ಅಂಗಡಿ, ನುಜ್ಜಾದ ಲಾರಿ ನೋಡಿ
ನಷ್ಟಕ್ಕೆ ಬೆಲೆ ಕಟ್ಟಿದವರು.

ನಾನು ಶಾಲೆ ಯೂನಿಫಾರಂ ಹೊಲಿಯುವವಳು.
ಸಕ್ಕರೆ ಇನ್ನೂರ ಎಂಬತ್ತು ಅಂತ ಚೀಟಿ ಬಂದ ವಾರ
ಮಗನ ಹಳೇ ಕ್ಯಾನ್ವಾಸ್ ಶೂ ಹಾಕಿ ಒಬ್ಬಳೇ ಓಡಲು ಬಂದೆ.
ಯಾರನ್ನೂ ಕರೆಯಲಿಲ್ಲ. ಬಂದವರಿಗೆ ಬೇಡ ಅನ್ನಲೂ ಇಲ್ಲ.
ಮಂಡಕ್ಕಿ ಭಟ್ಟಿಯ ಹೊಗೆಯನ್ನು ಎದೆಯಲ್ಲಿಟ್ಟುಕೊಂಡ ಕೊಟ್ರಮ್ಮ,
ಅಂಗನವಾಡಿಯ ಶಮೀಮ್ ಬಾನು, ಜೆರಾಕ್ಸ್ ಅಂಗಡಿ ಹನುಮೇಶಿ,
ಕೊನೆಗೆ ಈ ಕರಿಬಸಪ್ಪ.
ನಮಗೆ ಹೆಸರಿಲ್ಲ, ಬೋರ್ಡಿಲ್ಲ, ಚಂದಾ ಇಲ್ಲ.
ಬೇವಿನ ಮರದಿಂದ ಪಂಪ್‌ಹೌಸಿನ ತನಕ ಓಟ,
ವಾಪಸ್ಸು ನಡಿಗೆ.

ಆ ಮಾತು ಮಾತ್ರ ಚಪ್ಪಲಿಯೊಳಗೆ ಹೊಕ್ಕ ಹರಳಿನಂತೆ
ಇಡೀ ದಿನ ಒತ್ತಿತು.

ಪಿ.ಬಿ. ರಸ್ತೆಯ ಆಫೀಸಿನ ಹುಡುಗಿ
ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದಳು:
ಸಂಸ್ಥೆಯ ಹೆಸರು? ಇಲ್ಲ.
ನೋಂದಣಿ ಸಂಖ್ಯೆ? ಇಲ್ಲ.
ತರಬೇತುದಾರರ ಅರ್ಹತೆ?
ಸುಮ್ಮನಾದೆ.
"ಹಿಂಗೆ ಪಾಲಿಸಿ ಬರೆಯಕ್ಕೆ ಬರಲ್ಲ ಮೇಡಂ,
ಒಬ್ಬೊಬ್ರು ತಂತಮ್ಮದು ಮಾಡಿಸ್ಕೊಳ್ಳಿ" ಅಂದಳು, ಪಾಪ, ಮೆತ್ತಗೆ.
ಅವಳ ಬ್ಲೌಸಿನ ಎಡತೋಳು ಅರ್ಧ ಇಂಚು ಬಿಗಿಯಿತ್ತು.
ಹೇಳದೆ ಎದ್ದು ಬಂದೆ.

ಆಮೇಲೊಂದು ಭಾನುವಾರ, ಪ್ರಥಮ ಚಿಕಿತ್ಸೆಯ ತರಗತಿ.
ನೆಲದ ಮೇಲೆ ರಬ್ಬರಿನ ಮನುಷ್ಯ, ಕಾಲಿಲ್ಲ,
ಯಾರದೋ ಹಳೇ ಅಂಗಿ ತೊಟ್ಟಿದ್ದಾನೆ.
"ಎದೆ ನಡುವೆ ಅಂಗೈ, ಮೊಣಕೈ ಬಗ್ಗಬಾರದು,
ನಿಮಿಷಕ್ಕೆ ನೂರರ ಮೇಲೆ" ಅಂದರು ನರ್ಸು.
ಉಳಿದವರಿಗೆ ಲೆಕ್ಕ ತಪ್ಪುತ್ತಿತ್ತು.
ನನಗೆ ಕಾಲೇ ಎಣಿಸಿಕೊಟ್ಟಿತು:
ಇಪ್ಪತ್ತೆರಡು ವರ್ಷದ ಪೆಡಲು, ಜೂನ್ ತಿಂಗಳ ಅವಸರ.
ಊಟದ ಬಿಡುವಿನಲ್ಲಿ ಅವನ ಅಂಗಿಗೆ
ಕಿತ್ತುಹೋದ ಗುಂಡಿ ಹಚ್ಚಿದೆ.
ಅವರು ಕೊಟ್ಟ ಕಾಗದವನ್ನು ಹನುಮೇಶಿ ಲ್ಯಾಮಿನೇಷನ್ ಮಾಡಿದ,
ದುಡ್ಡು ಬೇಡಕ್ಕಾ ಅಂದ.

ಈಗ ನನ್ನ ಅಳತೆ ಪುಸ್ತಕದ ಹಿಂಬದಿಯಲ್ಲಿ
ಎದೆ, ಸೊಂಟ, ತೋಳಿನ ಬದಲು
ರಕ್ತದ ಗುಂಪು, ಬಿ.ಪಿ. ಮಾತ್ರೆ, ಮನೆಯವರ ನಂಬರು.
ಕೊಟ್ರಮ್ಮನ ಮುಂದೆ ಪೆನ್ನು ಹಿಡಿದು ಕೂತೆ.
"ನಂಗ್ಯಾರದಾರೆ? ನಿಂದೇ ಬರ್ಕೋ" ಅಂದಳು.
ನನ್ನ ನಂಬರನ್ನೇ ಬರೆದುಕೊಂಡೆ.
ಜೇಬಿನಲ್ಲಿ ನಾಲ್ಕು ಪೆಪ್ಪರಮೆಂಟು, ಯಾರಿಗಾದರೂ ಸಕ್ಕರೆ ಇಳಿದರೆ.
ಹೊಸಬರಿಗೆ ಹೇಳುವುದು ಒಂದೇ:
ಓಡ್ತಾ ಓಡ್ತಾ ಮಾತಾಡಕ್ಕೆ ಬರ್ಬೇಕು,
ಮಾತು ತುಂಡಾದ್ರೆ ನಡೀರಿ.

ಮೊನ್ನೆ ಏರಿಯ ಕಲ್ಲು ಜಾರಿ
ಶಮೀಮ್ ಬಾನು ಕಾಲು ಉಳುಕಿತು.
ಕರಿಬಸಪ್ಪ ಹಳೇ ಚಾಳಿಯಂತೆ ಮೊದಲು ಬಗ್ಗಿ
ಕಲ್ಲನ್ನು ನೋಡಿದರು, ಗೇಣು ಹಾಕಿ ಅಳೆದರು,
ಆಮೇಲೆ ನಾಚಿ, ಹೆಗಲ ಟವೆಲು ಹರಿದು ಕೊಟ್ಟರು.
ಪಟ್ಟಿ ಕಟ್ಟಿದೆ, ಕಾಲನ್ನು ಕೊಟ್ರಮ್ಮನ ತೊಡೆಯ ಮೇಲೆತ್ತಿಟ್ಟೆ.
ಗಂಡ ಬೈಕಿನಲ್ಲಿ ಬಂದವನು
ಎಂಜಿನ್ ಆರಿಸದೆ ನಮ್ಮನ್ನೆಲ್ಲ ನೋಡಿ ಕೇಳಿದ:
"ಇಲ್ಲಿ ಲೀಡರ್ ಯಾರ್ರಿ?"

ಹನುಮೇಶಿ ನೀರು ನೋಡಿದ.
ಕರಿಬಸಪ್ಪ ಬಾಯಿ ತೆರೆದು ಮುಚ್ಚಿದರು.
"ನಾನು" ಅಂದೆ, ಆಮೇಲೆ ಇನ್ನೇನೋ ಹೇಳಹೋದೆ.
ನಿಂತಲ್ಲೇ ಮಾತು ತುಂಡಾಯಿತು.

ಅವನು ಎಂಜಿನ್ ಆರಿಸಿ ಸ್ಟ್ಯಾಂಡ್ ಹಾಕಿದ.
"ಐಸು ಎಷ್ಟೊತ್ತು ಇಡ್ಬೇಕ್ರೀ ಅಕ್ಕಾ?"
ಇಪ್ಪತ್ತು ನಿಮಿಷ. ಬಟ್ಟೆ ಸುತ್ತಿ.
ಇದು ಗೊತ್ತಿತ್ತು.